ಉಂಡ ಮನೆಯ ಜಂತೆ

ಆ ಕೋಳಿ ಶೆಡ್ಡಿನ ಸೂರಿಗೆ 14 ಜಂತೆಗಳಿದ್ದವಂತೆ. ಆಸ್ಟ್ರಿಯಾದ ಗ್ರಾತ್ಸ್‌ನಲ್ಲಿ ನಮ್ಮ ಪಕ್ಕದ ಮನೆಯಾಕೆ ಒಂದು ಸಂಜೆ ಪುಟ್ಟ ಪುಟ್ಟ ಬಟ್ಟಲುಗಳಿಗೆ ಕಾಫಿ ಬಗ್ಗಿಸುತ್ತ ಹೇಳಿದ ಲೆಕ್ಕ ಇದು. ಬೋಸ್ನಿಯಾದ ಯುದ್ಧದ ನಡುವೆ, 1994ರ ಆಗಸ್ಟ್ ಕೊನೆಯಲ್ಲಿ ಅವಳಿಗೆ 11 ವರ್ಷ. ಬೋಸ್ನಿಯಾದ ವಾಯವ್ಯ ಮೂಲೆಯ ವೆಲಿಕಾ ಕ್ಲಾದುಶಾ ಎಂಬ ಊರಿನಿಂದ ಟ್ರ್ಯಾಕ್ಟರ್ ಹತ್ತಿ ಕ್ರೊಯೇಷಿಯಾದ ಗಡಿ ದಾಟಿದ ಕುಟುಂಬಗಳಲ್ಲಿ ಅವರದೂ ಒಂದು. ಗಡಿಯಾಚೆ ಬಾತ್ನೊಗಾ ಎಂಬಲ್ಲಿ ಪಾಳುಬಿದ್ದ ಕೋಳಿ ಫಾರಂ ಇತ್ತು. ಸಾವಿರಾರು ಜನ ಅದರ ಉದ್ದನೆಯ ಶೆಡ್ಡುಗಳಲ್ಲಿ ಚಾಪೆ, ಕಂಬಳಿ ಹಾಸಿಕೊಂಡು ಮಲಗಿದರು. ಹಳೆಯ ಕೋಳಿಗೊಬ್ಬರದ ಘಾಟಿಗೆ ನಿದ್ದೆ ಬರುತ್ತಿರಲಿಲ್ಲ, ಅದಕ್ಕೇ ಜಂತೆ ಎಣಿಸುತ್ತಿದ್ದೆ ಎಂದಳು. ಒಂದು ತುದಿಯಿಂದ ಎಣಿಸಿದರೂ 14, ಇನ್ನೊಂದು ತುದಿಯಿಂದ ಎಣಿಸಿದರೂ 14.

ನಮ್ಮಜ್ಜಿಯ ಮಾತು ಥಟ್ಟನೆ ನೆನಪಾಯಿತು. ಉಪಕಾರ ಮಾಡಿದವರ ಮೇಲೇ ಯಾರಾದರೂ ತಿರುಗಿಬಿದ್ದರೆ ಅವಳು ‘ಉಂಡ ಮನೆಯ ಜಂತೆ ಎಣಿಸಿದ ಹಾಗಾಯ್ತು’ ಅನ್ನುತ್ತಿದ್ದಳು. ಉಣ್ಣಲು ಕರೆದವರ ಮನೆಯಲ್ಲಿ ತಲೆಯೆತ್ತಿ ಸೂರು ನೋಡುವವನ ಮನಸ್ಸಿನಲ್ಲಿ ಬೇರೇನೋ ಇದೆ ಎಂಬ ಅನುಮಾನ ಆ ಗಾದೆಯಲ್ಲಿದೆ. ಜರ್ಮನ್‌ನಲ್ಲಿ ತಡವರಿಸುತ್ತ ಅದನ್ನು ಅವಳಿಗೆ ಬಿಡಿಸಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಮ್ಮನ್ನು ಹಾಗೆಯೇ ಅಂದರು, ಎರಡೂ ಕಡೆಯವರು’ ಎಂದಳು. ನಾನು ಅವಳ ಊರಿನ ನಾಯಕ ಫಿಕ್ರೆತ್ ಅಬ್ದಿಚ್‌ನ ಹೆಸರೆತ್ತಿ, ಅವನು ಮಾಡಿದ್ದು ದ್ರೋಹವಲ್ಲವೇ ಎಂದು ಕೇಳಿದೆ. ಪುಸ್ತಕ ಓದಿದವನ ಧೈರ್ಯ. ಅವಳು ಬಟ್ಟಲು ಕೆಳಗಿಟ್ಟು ಹೇಳಿದ್ದು ಒಂದೇ ಮಾತು: ‘ನಮಗೆ ಅನ್ನ ಹಾಕಿದವನು ಅವನು.’ ಅವಳ ಬಾಯಲ್ಲಿ ಬಂದದ್ದು ಬ್ರೆಡ್ ಎಂಬ ಪದ. ನನ್ನ ಕಿವಿಗೆ ಅದು ಅನ್ನವಾಗಿಯೇ ಕೇಳಿಸಿತು. ಆ ಮಾತು ಈಗಲೂ ನನ್ನನ್ನು ಬಿಟ್ಟಿಲ್ಲ.

ಬಾಬೋ

ಅಲ್ಲಿಯ ಭಾಷೆಯಲ್ಲಿ ಬಾಬೋ ಎಂದರೆ ಅಪ್ಪ. ಅಬ್ದಿಚ್‌ನನ್ನು ಊರು ಕರೆಯುತ್ತಿದ್ದದ್ದು ಹಾಗೆ. ರಾಜಕಾರಣಿಗಳನ್ನು ಅಪ್ಪ, ಅಣ್ಣ, ಅಮ್ಮ ಎಂದು ಕರೆಯುವುದು ನಮಗೇನೂ ಹೊಸತಲ್ಲ. ಆದರೆ ಕ್ಲಾದುಶಾದಲ್ಲಿ ಆ ಹೆಸರು ವೇದಿಕೆಯಿಂದ ಇಳಿದು ಬಂದದ್ದಲ್ಲ, ಸಂಬಳದ ದಿನದಿಂದ ಹುಟ್ಟಿದ್ದು. ಕ್ಲಾದುಶಾ, ತ್ಸಾಜಿನ್, ಬಿಹಾಚ್ ಸೇರಿದ ಆ ಗಡಿಸೀಮೆ ಯುಗೊಸ್ಲಾವಿಯಾದ ಅತಿ ಬಡ ಪ್ರದೇಶಗಳಲ್ಲಿ ಒಂದಾಗಿತ್ತು. 1950ರ ಮೇ 6ರಂದು ಅಲ್ಲಿಯ ರೈತರು, ಮುಸ್ಲಿಮರೂ ಸರ್ಬರೂ ಒಟ್ಟಾಗಿ, ಬಲವಂತದ ದವಸ ವಸೂಲಿಯ ವಿರುದ್ಧ ದಂಗೆ ಎದ್ದಿದ್ದರು. ದಂಗೆ ಮುರಿದುಬಿತ್ತು. ಮುಂದಾಳುಗಳಿಗೆ ಮರಣದಂಡನೆಯಾಯಿತು, ಮನೆಮಂದಿಯನ್ನೆಲ್ಲ ಊರು ಬಿಡಿಸಿದರು. ಆಮೇಲೆ ದಶಕಗಟ್ಟಲೆ ಆ ಸೀಮೆಯ ಗಂಡಸರು ಕೂಲಿ ಅರಸಿ ಸ್ಲೊವೇನಿಯಾಕ್ಕೆ, ಆಸ್ಟ್ರಿಯಾಕ್ಕೆ, ಜರ್ಮನಿಗೆ ಹೋದರು.

ಅಂಥ ಊರಿನ ಒಂದು ಸಣ್ಣ ಕೃಷಿ ಸಹಕಾರ ಸಂಘವನ್ನು 1967ರಲ್ಲಿ ಕೈಗೆ ತೆಗೆದುಕೊಂಡ ಅಬ್ದಿಚ್‌ಗೆ ಆಗ ಮೂವತ್ತೂ ತುಂಬಿರಲಿಲ್ಲ. ಇಪ್ಪತ್ತು ವರ್ಷಗಳಲ್ಲಿ ಆ ಸಂಘ ಅಗ್ರೊಕೊಮೆರ್ತ್ಸ್ ಎಂಬ ದೈತ್ಯ ಕಂಪನಿಯಾಯಿತು. ಕೋಳಿ, ಮೊಟ್ಟೆ, ಬಿಸ್ಕತ್ತು, ಚಾಕೊಲೇಟು. 13,000ಕ್ಕೂ ಹೆಚ್ಚು ನೌಕರರು. ಇಡೀ ತಾಲೂಕಿನ ಜನಸಂಖ್ಯೆಯೇ ಸುಮಾರು 53,000 ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ರೈತರ ಹಿತ್ತಿಲುಗಳಲ್ಲೂ ಕಂಪನಿಗಾಗಿ ಕೋಳಿ ಬೆಳೆದವು. ರಸ್ತೆ ಬಂತು, ನೀರು ಬಂತು. ಪಕ್ಕದ ಮನೆಯಾಕೆಯ ಅಪ್ಪ ಆ ಕಂಪನಿಯ ಲಾರಿ ಚಾಲಕ. ಅವನ ಅಪ್ಪ ಬರಿಗಾಲಲ್ಲಿ ಸತ್ತವನು. ಮಗ ಇಟ್ಟಿಗೆಯ ಮನೆ ಕಟ್ಟಿ, ಅಡುಗೆಮನೆಗೆ ನಲ್ಲಿ ಹಾಕಿಸಿದ. ಒಂದೇ ತಲೆಮಾರಿನಲ್ಲಿ ಅಷ್ಟು ದೂರ ಬಂದವರಿಗೆ ದಾರಿ ತೋರಿದವನು ದೇವರ ಪಕ್ಕದಲ್ಲಿ ಕೂರುತ್ತಾನೆ. ನಾನು ಬೆಳೆದ ಮನೆಯಲ್ಲೂ ಯಾರ ಫೋಟೊಗೆ ಹಾರ ಬೀಳುತ್ತಿತ್ತೆಂದು ನೆನೆದರೆ ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ.

1987ರಲ್ಲಿ ಈ ವೈಭವದ ಬುಡದಲ್ಲಿದ್ದ ಟೊಳ್ಳು ಹೊರಬಿತ್ತು. ಬೆಲೆಯಿಲ್ಲದ ಹುಂಡಿಗಳನ್ನು, ಅಂದರೆ ಸಾಲಪತ್ರಗಳನ್ನು, ಬರೆದುಕೊಟ್ಟು ಕಂಪನಿ ಬ್ಯಾಂಕುಗಳಿಂದ ನೂರಾರು ಮಿಲಿಯನ್ ಡಾಲರ್‌ನಷ್ಟು ಹಣ ಎತ್ತಿತ್ತು. ಯುಗೊಸ್ಲಾವಿಯಾ ಕಂಡ ಅತಿ ದೊಡ್ಡ ಹಣಕಾಸು ಹಗರಣ ಅದು. ತ್ಸಾಜಿನ್‌ನವರೇ ಆದ ಹಮ್ದಿಯಾ ಪೊಜ್ದೆರಾತ್ಸ್ ಎಂಬ ಹಿರಿಯ ನಾಯಕ ಕೇಂದ್ರದ ಪದವಿ ಬಿಟ್ಟು ಇಳಿಯಬೇಕಾಯಿತು. ಅಬ್ದಿಚ್ ಜೈಲಿಗೆ ಹೋದ. ಊರಿನವರು ಮಾತ್ರ ಇದನ್ನು ಹಗರಣವೆಂದು ಒಪ್ಪಲೇ ಇಲ್ಲ. ಎಲ್ಲರೂ ಹಾಗೇ ವ್ಯವಹಾರ ಮಾಡುತ್ತಿದ್ದ ಕಾಲದಲ್ಲಿ ನಮ್ಮವನೊಬ್ಬನನ್ನೇ ಹಿಡಿದರು, ನಾವು ತಲೆಯೆತ್ತಿದ್ದು ಅವರಿಗೆ ಸಹಿಸಲಿಲ್ಲ ಎಂದರು. 1990ರ ನವೆಂಬರ್ ಚುನಾವಣೆಯಲ್ಲಿ ಬೋಸ್ನಿಯಾದ ಅಧ್ಯಕ್ಷ ಮಂಡಳಿಗೆ ನಿಂತ ಅಬ್ದಿಚ್‌ಗೆ 10 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಅವನದೇ ಪಕ್ಷದ ಅಲಿಯಾ ಇಝೆತ್‌ಬೆಗೋವಿಚ್‌ಗೆ ಬಿದ್ದದ್ದಕ್ಕಿಂತಲೂ ಹೆಚ್ಚು. ಆದರೂ ಮಂಡಳಿಯ ಅಧ್ಯಕ್ಷಪೀಠ ಇಝೆತ್‌ಬೆಗೋವಿಚ್‌ಗೇ ಹೋಯಿತು. ಗೆದ್ದವನು ಯಾಕೆ ಹಿಂದೆ ಸರಿದ ಎಂಬ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಕ್ಲಾದುಶಾದಲ್ಲಿ ಅದು ಎರಡನೆಯ ಅನ್ಯಾಯವಾಗಿ ಲೆಕ್ಕಕ್ಕೆ ಸೇರಿತು.

ಒಂದು ಊರಿನ ಶಾಂತಿ

ಯುಗೊಸ್ಲಾವಿಯಾ ಒಡೆದು 1992ರಲ್ಲಿ ಯುದ್ಧ ಹತ್ತಿದಾಗ ಬಿಹಾಚ್ ಸೀಮೆ ನೀರಿನ ನಡುವಿನ ನಡುಗಡ್ಡೆಯ ಹಾಗಾಯಿತು. ಪೂರ್ವಕ್ಕೂ ದಕ್ಷಿಣಕ್ಕೂ ಬೋಸ್ನಿಯಾದ ಸರ್ಬ್ ಪಡೆ, ಪಶ್ಚಿಮಕ್ಕೂ ಉತ್ತರಕ್ಕೂ ಕ್ರೊಯೇಷಿಯಾದ ಸರ್ಬರು ಹಿಡಿದ ಕ್ರಾಯಿನಾ. ರಾಜಧಾನಿ ಸರಾಯೆವೊ ಎಲ್ಲೋ ದೂರದಲ್ಲಿ ತಾನೇ ಮುತ್ತಿಗೆಯಲ್ಲಿತ್ತು. ಅಗ್ರೊಕೊಮೆರ್ತ್ಸ್‌ನ ಗೋದಾಮುಗಳು ಆಗ ಈ ಸೀಮೆಯನ್ನು ಉಳಿಸಿದವು ಎಂಬುದು ಸುಳ್ಳಲ್ಲ. ಅಬ್ದಿಚ್ ಊರಿಗೆ ಮರಳಿ, ಎರಡೂ ಕಡೆಯ ಸರ್ಬರ ಜೊತೆ, ಕ್ರೊಯೇಷಿಯಾದ ಜೊತೆ ಮಾತಾಡಿ ಲಾರಿಗಳಿಗೆ ದಾರಿ ಬಿಡಿಸಿದ. ಹಿಟ್ಟು, ಸಕ್ಕರೆ, ಎಣ್ಣೆ, ಡೀಸೆಲ್ ಬಂತು. ವ್ಯಾಪಾರಿಯ ಬುದ್ಧಿ ಸೇನಾಪತಿಗಳಿಗಿಂತ ಹೆಚ್ಚು ಕೆಲಸ ಮಾಡಿದ ದಿನಗಳು ಅವು. ದುಡ್ಡೂ ಆಯಿತು.

1993ರ ಬೇಸಿಗೆಯಲ್ಲಿ ಓವೆನ್ ಮತ್ತು ಸ್ಟೋಲ್ಟೆನ್‌ಬರ್ಗ್ ಮಧ್ಯಸ್ಥಿಕೆಯಲ್ಲಿ ಬೋಸ್ನಿಯಾವನ್ನು ಮೂರು ಭಾಗ ಮಾಡುವ ಯೋಜನೆ ಬಂತು. ಇಝೆತ್‌ಬೆಗೋವಿಚ್ ಹಿಂದೆಮುಂದೆ ನೋಡಿದರು. ಅಬ್ದಿಚ್ ಒಪ್ಪಿಕೊಂಡುಬಿಡೋಣ ಎಂದ. ಸರಾಯೆವೊ ಯುದ್ಧ ಬಿಡದಿದ್ದರೆ ನಾವೇ ಶಾಂತಿ ಮಾಡಿಕೊಳ್ಳುತ್ತೇವೆ ಎಂದು 1993ರ ಸೆಪ್ಟೆಂಬರ್ 27ರಂದು ವೆಲಿಕಾ ಕ್ಲಾದುಶಾದಲ್ಲಿ ಪಶ್ಚಿಮ ಬೋಸ್ನಿಯಾ ಸ್ವಾಯತ್ತ ಪ್ರಾಂತ್ಯವನ್ನು ಸಾರಲಾಯಿತು. ಅದಕ್ಕೆ ಅವನೇ ಅಧ್ಯಕ್ಷ, ಊರ ಮೇಲಿನ ಗುಡ್ಡದ ಹಳೆಯ ಕೋಟೆಯೇ ಅವನ ಕಚೇರಿ. ಅಕ್ಟೋಬರ್‌ನಲ್ಲಿ ಬೆಲ್‌ಗ್ರೇಡ್‌ಗೆ ಹೋಗಿ ಬೋಸ್ನಿಯಾದ ಸರ್ಬರ ನಾಯಕ ರಾದೊವಾನ್ ಕರಾಜಿಚ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದ. ಸ್ರೆಬ್ರೆನಿಟ್ಸಾದ ನರಮೇಧಕ್ಕಾಗಿ ಮುಂದೆ ಶಿಕ್ಷೆಯಾದದ್ದು ಇದೇ ಕರಾಜಿಚ್‌ಗೆ.

ಈ ಪ್ರಾಂತ್ಯಕ್ಕೆ ತನ್ನದೇ ಜನಾಂಗವಿರಲಿಲ್ಲ, ಬೇರೆ ಧರ್ಮವಿರಲಿಲ್ಲ, ಬೇರೆ ಭಾಷೆಯಿರಲಿಲ್ಲ. ಅಲ್ಲಿದ್ದವರೂ ಬೊಸ್ನಿಯಾಕ್ ಮುಸ್ಲಿಮರು, ಬಿಹಾಚ್‌ನಲ್ಲಿದ್ದವರೂ ಅವರೇ. ಆ ಯುದ್ಧದ ಬೇರೆಲ್ಲ ಗೆರೆಗಳನ್ನು ರಕ್ತ, ನಂಬಿಕೆಗಳ ಹೆಸರಿನಲ್ಲಿ ಎಳೆದರು. ಇಲ್ಲಿ ಮಾತ್ರ ಗೆರೆ ಬಿದ್ದದ್ದು ಬಹುಮಟ್ಟಿಗೆ ಕಂಪನಿಯ ಋಣ ಎಲ್ಲಿಯವರೆಗೆ ಹಬ್ಬಿತ್ತೋ ಅಲ್ಲಿಯವರೆಗೆ. ನನಗೆ ಈ ಕತೆ ಹಿಡಿದದ್ದೇ ಇದರಿಂದ. ದೇಶ ಎಂಬುದು ಎಷ್ಟು ದೂರದ ಮಾತು, ತಿಂಗಳ ಕೊನೆಯ ಕವರು ಎಷ್ಟು ಹತ್ತಿರದ್ದು! ಆ ಲಾರಿ ಚಾಲಕ ಸ್ವಾಯತ್ತತೆಯ ಘೋಷಣೆಯನ್ನು ಓದಿ ಆ ಕಡೆ ನಿಂತವನಲ್ಲ. ತನ್ನನ್ನು ಎತ್ತಿದವನು ಕರೆದ, ಹೋದ.

ಇದನ್ನು ಬರೆಯುವಾಗಲೇ ನನ್ನೊಳಗೆ ಇನ್ನೊಂದು ದನಿ ಏಳುತ್ತದೆ, ಅದನ್ನು ಅಡಗಿಸಲಾರೆ. ಆ ಶಾಂತಿ ಯಾರ ಪಾಲಿನದು? ಕ್ಲಾದುಶಾದ ಅಂಗಡಿಯಲ್ಲಿ ಸಕ್ಕರೆ ಇದ್ದಾಗ ಒಂದೇ ಜಿಲ್ಲೆಯ ಬಿಹಾಚ್‌ನಲ್ಲಿ ಜನ ಶೆಲ್ ದಾಳಿಯ ನಡುವೆ ಹಸಿದಿದ್ದರು. ಹಸಿದವರನ್ನು ಕಾಯುತ್ತಿದ್ದ, ಸರಾಯೆವೊ ಸರಕಾರದ ಐದನೇ ಕೋರ್ ಎಂಬ ಸೇನೆಗೂ ಅಬ್ದಿಚ್‌ನ ಪಡೆಗೂ, ಘೋಷಣೆಯಾದ ದಿನಗಳಲ್ಲೇ ಕಾಳಗ ಹತ್ತಿಕೊಂಡಿತು. ಯುದ್ಧ ಬೇಡವೆಂದು ಹುಟ್ಟಿದ ಪ್ರಾಂತ್ಯಕ್ಕೆ ಸರ್ಬ್ ಫಿರಂಗಿಗಳ ಆಸರೆ ಬೇಕಾಯಿತು. ಅದರ ವಿರುದ್ಧ ಮಾತಾಡಿದವರನ್ನು, ಸೆರೆಸಿಕ್ಕ ಸೈನಿಕರನ್ನು ಕೂಡಿಹಾಕಲು ದ್ರ್‌ಮಾಲ್ಯೆವೊದಲ್ಲಿ ಶಿಬಿರ ಎದ್ದಿತು. ಅಲ್ಲಿ ಹೊಡೆದರು, ಹಿಂಸಿಸಿದರು, ಕೊಂದರು. 2002ರಲ್ಲಿ ಕ್ರೊಯೇಷಿಯಾದ ಕಾರ್ಲೊವಾತ್ಸ್ ನ್ಯಾಯಾಲಯ ಈ ಅಪರಾಧಗಳಿಗೆ ಅಬ್ದಿಚ್‌ಗೆ 20 ವರ್ಷ ಶಿಕ್ಷೆ ಕೊಟ್ಟಿತು. ಮೇಲಿನ ಕೋರ್ಟು ಅದನ್ನು 15ಕ್ಕೆ ಇಳಿಸಿತು. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಅನ್ನ ಹಾಕಿದ ಕೈ ಅದೇ ಅನ್ನವನ್ನು ತೋರಿಸಿ ಬಂದೂಕು ಹಿಡಿಸಿತು. ಚಾಲಕನ ಕೃತಜ್ಞತೆ ನನಗೆ ಅರ್ಥವಾಗುತ್ತದೆ. ಅದನ್ನು ವಸೂಲಿ ಮಾಡಿದವನನ್ನು ಮನ್ನಿಸಲು ನನ್ನಿಂದಾಗದು.

ಇದೇ ಸೀಮೆಯಲ್ಲಿ ಐವತ್ತು ವರ್ಷ ಹಿಂದೆ ಹುಸ್ಕಾ ಮಿಲ್ಯಕೋವಿಚ್ ಎಂಬ ಒಬ್ಬನಿದ್ದ. ಎರಡನೇ ಮಹಾಯುದ್ಧದಲ್ಲಿ ಮೊದಲು ಪಾರ್ಟಿಸಾನರೆಂಬ ಕಮ್ಯುನಿಸ್ಟ್ ಗೆರಿಲ್ಲಾಗಳ ಜೊತೆ, ಆಮೇಲೆ ಜರ್ಮನರ ಕಡೆ, ಮತ್ತೆ ಪಾರ್ಟಿಸಾನರ ಕಡೆ, ತನ್ನದೇ ಪಡೆ ಕಟ್ಟಿಕೊಂಡು ಊರು ಸುಡದಂತೆ ನೋಡಿಕೊಳ್ಳಲು ಹೆಣಗಿದ. 1944ರಲ್ಲಿ ಕೊಲೆಯಾದ. ಆ ಸೀಮೆಯ ಮುದುಕರಿಗೆ ಬಾಬೋನನ್ನು ಕಂಡಾಗ ಹುಸ್ಕಾ ನೆನಪಾಗುತ್ತಿದ್ದನಂತೆ. ಗಡಿಯಲ್ಲಿ ಬದುಕುವವರಿಗೆ ಮೂರೂ ಕಡೆಯಿಂದ ಬೆಂಕಿ ಬಂದಾಗ ನಮ್ಮ ಹಿತ್ತಿಲಿಗೊಂದು ಬೇಲಿ ಸಾಕು ಅನ್ನಿಸುವುದು ಅಲ್ಲಿ ಹೊಸತಾಗಿರಲಿಲ್ಲ.

ಎರಡು ಸಲ ಊರು ಬಿಟ್ಟದ್ದು

1994ರ ಜುಲೈಯಲ್ಲಿ ಐದನೇ ಕೋರ್‌ನ ದಂಡನಾಯಕ ಆತಿಫ್ ದುದಾಕೋವಿಚ್ ಒಂದು ನಾಟಕ ಹೂಡಿದ. ಬಿಹಾಚ್‌ನಲ್ಲಿ ತನ್ನ ವಿರುದ್ಧವೇ ಸೈನಿಕರು ಬಂಡೆದ್ದಿದ್ದಾರೆ ಎಂಬ ಸುದ್ದಿ ಹಬ್ಬಿಸಿ, ಸುಳ್ಳು ಸ್ಫೋಟ, ಹೊಗೆ ಎಲ್ಲ ಮಾಡಿಸಿದ. ಅಬ್ದಿಚ್ ನಂಬಿದ. ಬಂಡಾಯಗಾರರಿಗೆಂದು ಅವನು ಕಳಿಸಿದ ಆಯುಧಗಳು ನೇರ ವೈರಿಯ ಕೈ ಸೇರಿದವು. ಒಂದೂವರೆ ತಿಂಗಳಿಗೆ, ಆಗಸ್ಟ್ 21ರಂದು ಕ್ಲಾದುಶಾ ಬಿತ್ತು. ಸೇನಾ ಇತಿಹಾಸ ಬರೆಯುವವರು ಈ ತಂತ್ರವನ್ನು ಮೆಚ್ಚಿ ಬರೆಯುತ್ತಾರೆ. ನಾನು ಅದನ್ನು ಇಲ್ಲಿಗೇ ಬಿಡುತ್ತೇನೆ. ನನಗೆ ಬೇಕಾದದ್ದು ಮರುದಿನದ ರಸ್ತೆ.

ಸುಮಾರು 30,000 ಜನ ಊರು ಬಿಟ್ಟರು. ಗೆದ್ದು ಬಂದವರೂ ತಮ್ಮವರೇ, ಆದರೂ ನಿಲ್ಲಲು ಧೈರ್ಯವಾಗಲಿಲ್ಲ. ಆಕೆಗೆ ನೆನಪಿರುವುದು ಇಷ್ಟು: ಅಮ್ಮ ಒಲೆಯ ಮೇಲಿದ್ದ ಪಾತ್ರೆಯನ್ನು ಹಾಗೇ ಬಟ್ಟೆಯಲ್ಲಿ ಕಟ್ಟಿಕೊಂಡಳು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬೇರೆಯವರ ಅಜ್ಜಿಯೊಬ್ಬಳು ದಾರಿಯುದ್ದಕ್ಕೂ ಇವಳ ಕೈ ಹಿಡಿದುಕೊಂಡಿದ್ದಳು, ಆ ಅಜ್ಜಿಯ ಹೆಸರೇ ಗೊತ್ತಿಲ್ಲ. ಕೆಲವರು ಬಾತ್ನೊಗಾದ ಕೋಳಿ ಶೆಡ್ಡು ಸೇರಿದರು. ಇನ್ನು ಸಾವಿರಾರು ಜನ ಕಾರ್ಲೊವಾತ್ಸ್ ಹತ್ತಿರದ ತುರಾನ್ಯದಲ್ಲಿ, ಸರ್ಬ್ ಮತ್ತು ಕ್ರೊಯೇಷಿಯಾ ಪಡೆಗಳ ನಡುವಿನ ಯಾರದೂ ಅಲ್ಲದ ನೆಲದಲ್ಲಿ, ಮುರಿದ ಮನೆಗಳಲ್ಲಿ ಸಿಕ್ಕಿಬಿದ್ದರು. ಸುತ್ತ ನೆಲಬಾಂಬು. ಮುಂದೆ ಹೋಗಲು ಕ್ರೊಯೇಷಿಯಾ ಬಿಡಲಿಲ್ಲ. ಕೋಳಿ ಸಾಕಿ ಮನುಷ್ಯರಾದ ಊರಿನವರು ಕೋಳಿಗೂಡಿನಲ್ಲಿ ತಿಂಗಳುಗಟ್ಟಲೆ ಕಳೆಯುವ ಹಾಗಾಯಿತು.

ಆ ಶಿಬಿರಗಳಿಂದಲೇ ಗಂಡಸರನ್ನು ಮತ್ತೆ ಯುದ್ಧಕ್ಕೆ ಎಬ್ಬಿಸಿದರು. ನವೆಂಬರ್‌ನಲ್ಲಿ ಶುರುವಾದ ಆ ಕಾರ್ಯಾಚರಣೆಗೆ ಜೇಡ ಎಂದು ಹೆಸರು. ನೂಲು ಎಳೆಯುತ್ತಿದ್ದವರು ಸರ್ಬಿಯಾದ ಗುಪ್ತಪೊಲೀಸ್ ಅಧಿಕಾರಿಗಳು. ಡಿಸೆಂಬರ್‌ನಲ್ಲಿ ಊರು ಮರಳಿ ಸಿಕ್ಕಿತು, ಜನ ಮನೆಗೆ ಬಂದರು, ಪ್ರಾಂತ್ಯ ಮತ್ತೆ ಜೀವ ಹಿಡಿಯಿತು. ಎಂಟು ತಿಂಗಳು. 1995ರ ಜುಲೈ 26ರಂದು ಅದು ತನ್ನನ್ನು ಗಣರಾಜ್ಯವೆಂದೂ ಕರೆದುಕೊಂಡಿತು. ಆಗಸ್ಟ್ ಮೊದಲ ವಾರ ಕ್ರೊಯೇಷಿಯಾದ ಸೇನೆ ಕ್ರಾಯಿನಾವನ್ನು ಗುಡಿಸಿಹಾಕಿದಾಗ ಆ ಗಣರಾಜ್ಯಕ್ಕೆ ಇನ್ನೂ ಎರಡು ವಾರ ತುಂಬಿರಲಿಲ್ಲ. ಅದು ಮುಗಿಯಿತು. ಅದೇ ಟ್ರ್ಯಾಕ್ಟರು, ಅದೇ ಪಾತ್ರೆ. ಈ ಸಲ ವೊಯ್ನಿಚ್ ಬಳಿಯ ಕುಪ್ಲೆನ್ಸ್ಕೊ ಕಣಿವೆಯಲ್ಲಿ ರಸ್ತೆಯ ಬದಿಗೆ, ಪ್ಲಾಸ್ಟಿಕ್ ಹಾಳೆಯ ಕೆಳಗೆ. ಸುತ್ತ ಕ್ರೊಯೇಷಿಯಾದ ಪೊಲೀಸರ ಕಾವಲು. ‘ಅಲ್ಲಿ ಎಣಿಸಲಿಕ್ಕೆ ಜಂತೆಯೂ ಇರಲಿಲ್ಲ’ ಎಂದಳು. ಅವಳ ಕುಟುಂಬ ಊರಿಗೆ ಮರಳಿದ್ದು 1996ರಲ್ಲಿ. ಮನೆಯ ಬಾಗಿಲು ಕಿಟಕಿಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು, ನಲ್ಲಿಯನ್ನೂ.

ಸನಿಕೆ

2019ರ ಶರತ್ಕಾಲದಲ್ಲಿ ಅವಳ ಅಪ್ಪ ತೀರಿಕೊಂಡ. ಅವಳು ಕಾರು ಓಡಿಸುವ ಸ್ಥಿತಿಯಲ್ಲಿರಲಿಲ್ಲ, ನಾನು ಹೊರಟೆ. ಗ್ರಾತ್ಸ್‌ನಿಂದ ನಾಲ್ಕು ತಾಸಿನ ದಾರಿ. ಕಾರ್ಲೊವಾತ್ಸ್ ದಾಟುವಾಗ ತುರಾನ್ಯದಲ್ಲಿ ರಸ್ತೆಬದಿಗೆ ಹಳೆಯ ಟ್ಯಾಂಕುಗಳನ್ನು ಜೋಡಿಸಿಟ್ಟ ಯುದ್ಧ ಸಂಗ್ರಹಾಲಯ ಕಂಡಿತು. ನಾನು ವೇಗ ತಗ್ಗಿಸಿದೆ. ಅವಳು ನಿಲ್ಲಿಸಬೇಡ ಎಂದು ಕೈಯಾಡಿಸಿದಳು. ವೊಯ್ನಿಚ್‌ನ ಆಸುಪಾಸು ಹುಲ್ಲು, ಪ್ಲಮ್ ಮರಗಳು, ಮುಚ್ಚಿದ ಮನೆಗಳು. ಮಾಲ್ಯೆವಾತ್ಸ್ ಚೆಕ್‌ಪೋಸ್ಟಿನಲ್ಲಿ ಆ ವರ್ಷಗಳ ಹೊಸ ನೋಟ: ಯುರೋಪ್ ಸೇರಲು ಹೊರಟು ಕ್ಲಾದುಶಾದಲ್ಲಿ ಸಿಕ್ಕಿಕೊಂಡ ಅಫ್ಗನ್, ಪಾಕಿಸ್ತಾನಿ ಹುಡುಗರು ಬೆನ್ನಚೀಲ ಹೊತ್ತು ರಸ್ತೆಯಂಚಿನಲ್ಲಿ ನಡೆಯುತ್ತಿದ್ದರು. ನನ್ನ ಚರ್ಮ ಕಂಡು ಪೊಲೀಸ್ ನನ್ನ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ನೋಡಿದ.

ಅವಳಿಗೊಬ್ಬ ಅಮಿಜಾ ಇದ್ದಾನೆ, ಚಿಕ್ಕಪ್ಪ. ಯುದ್ಧ ಶುರುವಾದಾಗ ಬಿಹಾಚ್‌ನಲ್ಲಿ ಕೆಲಸಕ್ಕಿದ್ದವನು ಅಲ್ಲೇ ಸೇನೆ ಸೇರಿದ, ಐದನೇ ಕೋರ್. ಅಣ್ಣ ಔತೊನೊಮಾಶ್, ಅಂದರೆ ಸ್ವಾಯತ್ತದವನು. ಊರಿನಲ್ಲಿ ಈ ಎರಡು ಪದಗಳನ್ನು ಈಗಲೂ ದನಿ ತಗ್ಗಿಸಿ ಆಡುತ್ತಾರೆ. ತಮ್ಮನಿಗೆ ಮಾಜಿ ಸೈನಿಕನ ಪಿಂಚಣಿ ಬರುತ್ತದೆ. ಅಣ್ಣ ಹೋರಾಡಿದ ವರ್ಷಗಳಿಗೆ ಯಾವ ದೇಶದ ದಫ್ತರಿನಲ್ಲೂ ಜಾಗವಿಲ್ಲ. 24 ವರ್ಷ ಒಬ್ಬರಿಗೊಬ್ಬರು ಮಾತಾಡಿರಲಿಲ್ಲ. ಎರಡು ಮನೆಗಳ ನಡುವೆ ಇರುವುದು ಒಂದು ಮೆಕ್ಕೆಜೋಳದ ಹೊಲ. 2012ರಲ್ಲಿ ಅಬ್ದಿಚ್ ಪೂಲಾ ಜೈಲಿನಿಂದ ಬಿಡುಗಡೆಯಾದಾಗ ಸ್ವಾಗತಿಸಲು ಬಸ್ಸು ಹತ್ತಿ ಹೋದ ಸಾವಿರಾರು ಜನರಲ್ಲಿ ಅಣ್ಣನೂ ಇದ್ದ. 2016ರಲ್ಲಿ ಅದೇ ಅಬ್ದಿಚ್ ಊರಿನ ಮೇಯರ್ ಆಗಿ ಆಯ್ಕೆಯಾದ, 2020ರಲ್ಲಿ ಇನ್ನೊಂದು ಆರೋಪದ ಮೇಲೆ ಬಂಧನದಲ್ಲಿದ್ದೂ ಮತ್ತೆ ಗೆದ್ದ. ಆದರೆ ಕಂಪನಿ ತನ್ನ ಹಳೆಯ ಗಾತ್ರಕ್ಕೆ ಮರಳಲೇ ಇಲ್ಲ. ಆ ದಿನ ಮನೆಯ ಹಜಾರದಲ್ಲಿ ಕೂತ ಮುದುಕರು ಮಾತಾಡಿದ್ದೆಲ್ಲ ಮಕ್ಕಳು ಯಾವ ದೇಶದಲ್ಲಿದ್ದಾರೆ ಎಂಬುದನ್ನೇ. ಅವರಲ್ಲಿ ಒಬ್ಬನನ್ನು ನಾನು ದ್ರೋಹಿ ಎಂದು ಕರೆಯಲು ಸಾಧ್ಯವೇ ಎಂದು ನನ್ನನ್ನೇ ಕೇಳಿಕೊಂಡೆ. ದ್ರ್‌ಮಾಲ್ಯೆವೊದಲ್ಲಿ ಕೂಡಿಹಾಕಿಸಿಕೊಂಡವನ ಮಗ ನನ್ನ ಜಾಗದಲ್ಲಿ ಕೂತಿದ್ದರೆ ಬಹುಶಃ ಬೇರೆ ಉತ್ತರ ಹೇಳುತ್ತಿದ್ದ. ಅವನ ಉತ್ತರವೂ ನನಗೆ ಸರಿಯೆನಿಸುತ್ತಿತ್ತು.

ಅಲ್ಲಿಯ ರೂಢಿಯಲ್ಲಿ ಹೆಂಗಸರು ಮಣ್ಣಿಗೆ ಬರುವುದಿಲ್ಲ. ಅವಳು ಅಮ್ಮನ ಜೊತೆ ಮನೆಯಲ್ಲೇ ಉಳಿದಳು. ನಾನು ಗಂಡಸರ ಹಿಂದೆ ಗುಡ್ಡ ಹತ್ತಿದೆ. ಹಲಗೆಗಳನ್ನು ಓರೆಯಾಗಿ ಜೋಡಿಸಿ ಆದಮೇಲೆ ಮಣ್ಣು ಎಳೆಯಲು ಶುರು ಮಾಡಿದರು. ಒಬ್ಬೊಬ್ಬರು ಎರಡು ಮೂರು ಸನಿಕೆ ಎತ್ತಿಹಾಕಿ ಮುಂದಿನವನಿಗೆ ಬಿಟ್ಟುಕೊಡುತ್ತಿದ್ದರು. ಬೂದು ಟೋಪಿಯ ಗಿಡ್ಡ ಮನುಷ್ಯನೊಬ್ಬ ಅಲ್ಲಿಯವರೆಗೆ ಬೇಲಿಯ ಹತ್ತಿರ ನಿಂತಿದ್ದ. ಅವನು ಬಂದು ಸನಿಕೆ ಹಿಡಿದ. ಸುತ್ತಲಿನವರು ಸ್ವಲ್ಪ ಹಿಂದೆ ಸರಿದರು. ಅವನು ಹಾಕುತ್ತಲೇ ಹೋದ. ಯಾರೋ ಕೈ ಚಾಚಿದರು, ಕೊಡಲಿಲ್ಲ. ಇನ್ನೊಬ್ಬ ಚಾಚಿದ, ಕೊಡಲಿಲ್ಲ. ಉಸಿರು ಹತ್ತಿ, ಟೋಪಿ ಕೆಳಗೆ ಬಿದ್ದರೂ ನಿಲ್ಲಿಸಲಿಲ್ಲ.

ಮನೆಗೆ ಮರಳಿದಾಗ ಅವಳು ಬಾಗಿಲಲ್ಲೇ ನಿಂತಿದ್ದಳು. ಅಮಿಜಾ ಬಂದಿದ್ದನಾ ಎಂದು ಕೇಳಿದಳು. ಬಂದಿದ್ದ ಎಂದೆ. ಮಣ್ಣು ಹಾಕಿದನಾ? ಹಾಕಿದ. ಎಷ್ಟು ಸನಿಕೆ?

ನಾನು ಎಣಿಸಿರಲಿಲ್ಲ.